ಗಾಜು ಬಿಸಿಯಾಗುವ ಮುನ್ನ

ಬ್ರೋಕನ್ ಹಿಲ್‌ನಲ್ಲಿ ಬೀದಿಗಳಿಗೆ ಖನಿಜದ ಹೆಸರು:
ಆಕ್ಸೈಡ್, ಕ್ಲೋರೈಡ್, ಸಲ್ಫೈಡ್.
ನಾನಿರುವುದು ಕೋಬಾಲ್ಟ್ ಬೀದಿ,
ಗಣಿ ಬಗೆದು ಗುಡ್ಡೆ ಹಾಕಿದ ಮಣ್ಣಿನ ದಿಬ್ಬ
ಅಡುಗೆಮನೆಯ ಕಿಟಕಿ ತುಂಬ.

ಗುರುವಾರ ಗಾಳಿ ಎದ್ದಿತ್ತು.
ಮಧ್ಯಾಹ್ನ ಮೂರಕ್ಕೇ ಕೆಂಪಗೆ ಕತ್ತಲಾಯಿತು,
ಹಸುಗಳೇ ಇಲ್ಲದ ಬೀದಿಯಲ್ಲಿ ಗೋಧೂಳಿ.
ಒದ್ದೆ ಟವೆಲನ್ನು ಬಾಗಿಲ ಸಂದಿಗೆ ತುರುಕಿ ಕೂತೆ;
ಹಲ್ಲಿನ ನಡುವೆ ಊರು ಕರಕರ ಅಂದಿತು.
ಶುಕ್ರವಾರ ನಾಲ್ಕು ಹನಿ.
ಧೂಳನ್ನು ಕೆಸರು ಮಾಡುವಷ್ಟು ಮಳೆ,
ತೊಳೆಯುವಷ್ಟಲ್ಲ.

ಶನಿವಾರ ಪಕ್ಕದ ಮನೆಯ ಡೋರೀನ್ ಟ್ರೆಗೆನ್ಜಾ
ಬೇಲಿಯ ಮೇಲೆ ಗಲ್ಲವಿಟ್ಟು ಅಂದಳು:
ನಾಲ್ಕು ಕಿಲೋವ್ಯಾಟ್ ಕೊಡುತ್ತಿದ್ದದ್ದು
ಎರಡೂ ಮುಕ್ಕಾಲಿಗೆ ಬಂದು ಕೂತಿದೆ.
ನನಗೆ ಎಂಬತ್ತಮೂರು, ಏಣಿಗೆ ಅದಕ್ಕಿಂತ ಜಾಸ್ತಿ.
ನೀನು ಹತ್ತುತ್ತೀಯಾ?

ಹತ್ತಿದೆ. ಭಾನುವಾರ, ಆಕಾಶದಲ್ಲಿ
ಇನ್ನೂ ಒಂದು ಚುಕ್ಕಿ ಉಳಿದಿರುವಾಗ.
ಡೋರೀನ್ ಕೆಳಗೆ ಏಣಿ ಹಿಡಿದಿದ್ದಳು,
ಹಿಡಿದದ್ದಕ್ಕಿಂತ ಹೇಳಿದ್ದೇ ಹೆಚ್ಚು:
ಮೊದಲು ಸ್ವಿಚ್ ಆರಿಸು.
ಗಾಜನ್ನು ತುಳಿಯಬೇಡ, ಬದಿಯ ತಗಡಿನ ಮೇಲೆ ನಿಲ್ಲು.
ಬೋರಿನ ನೀರು ಬೇಡ, ಒಣಗಿದರೆ ಸುಣ್ಣದ ಕಲೆ;
ತೊಟ್ಟಿಯ ಮಳೆನೀರು ತಗೋ, ಎರಡು ಬಕೆಟ್,
ಮೂರನೆಯದು ಕೇಳಬೇಡ.
ಸೋಪು ಬೇಡ. ತಂತಿಬ್ರಷ್ ಮುಟ್ಟಿದರೆ ಕೈ ಮುರೀತೀನಿ.
ಬಿಸಿಲೇರುವುದರೊಳಗೆ ಇಳಿದುಬಿಡು,
ಕಾದ ಗಾಜಿಗೆ ತಣ್ಣೀರು ಬಿದ್ದರೆ ಸಿಡಿಯುತ್ತದೆ.
ಮತ್ತೆ, ಉಜ್ಜಬೇಡ. ನೆನೆಯಲಿ.

ಉಜ್ಜಬೇಡ, ನೆನೆಯಲಿ.
ಇದನ್ನೇ ನಮ್ಮಜ್ಜಿ ಸೀದ ಬಾಣಲೆಗೆ ಹೇಳುತ್ತಿದ್ದಳು
ಸಂಡೂರಿನಲ್ಲಿ, ಅದಿರಿನ ಲಾರಿ ಹೋದ ದಾರಿಗುಂಟ
ಬೇವಿನೆಲೆಯೂ ಕೆಂಪಾಗಿದ್ದ ವರ್ಷಗಳಲ್ಲಿ.
ಬಣ್ಣ ಅದೇ.
ವಾಸನೆ ಬೇರೆ, ಇಲ್ಲಿಯದು ಉಪ್ಪುಪೊದೆಯದು.

ಮೇಲಿನ ಪದರ ರಾಗಿಹಿಟ್ಟಿನಷ್ಟು ನುಣುಪು,
ಅದರಡಿ ಶುಕ್ರವಾರದ ಕೆಸರಿನ ಗೆರೆಗಳು,
ಕೆಳ ಅಂಚಿನಲ್ಲಿ ಬಾಣಂತಿಯ ಲೇಪದ ಹಾಗೆ ಗಟ್ಟಿ.
ಮೂರನೆಯ ಹಲಗೆಯ ಮೂಲೆಯಲ್ಲಿ
ಗಲಾ ಹಕ್ಕಿಯ ಹಿಕ್ಕೆ, ರೂಪಾಯಿಯಗಲ. ಅಷ್ಟೇ ಸಾಕು:
ಪಂಕ್ತಿಯಲ್ಲಿ ಒಬ್ಬ ಮುನಿದು ಎಲೆ ಬಿಟ್ಟೆದ್ದರೆ
ಉಳಿದವರ ಕೈ ಬಾಯಿಗೆ ಹೋಗದಂತೆ
ಸಾಲಿಗೆ ಸಾಲೇ ಮಂಕು.
ಸೂರ್ಯನ ಕಣ್ಣಿಗೇ ಮಣ್ಣೆರಚುವ ಊರು ಇದು.

ವಾರಕ್ಕೆ ಐದು ದಿನ ನಾನು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು.
ಉಸಿರು ಎಳೆದುಕೊಳ್ಳಿ. ಹಿಡಿಯಿರಿ. ಬಿಡಿ.
ಗಣಿಯಿಳಿದ ಮುದುಕರ ಎದೆಯಲ್ಲಿ
ಧೂಳು ಕೆಂಪಗಲ್ಲ, ಬೆಳ್ಳಗೆ ಕಾಣುತ್ತದೆ,
ಯಾರೋ ಅಕ್ಕಿನುಚ್ಚು ಚೆಲ್ಲಿ ಮರೆತಂತೆ.
ಅದನ್ನು ನೆನೆಸುವ ನೀರು ಯಾವ ತೊಟ್ಟಿಯಲ್ಲೂ ಇಲ್ಲ.

ಕ್ಲೆಮ್‌ನ ಚಿತ್ರ ನೀನೇ ತೆಗೆದದ್ದಲ್ಲವಾ?
ಕೆಳಗಿನಿಂದ ಕೇಳಿದಳು, ಏಣಿಗೆ ಕೇಳಿದಂತೆ.
ಹೌದು ಅಂದೆ.
ಚೆನ್ನಾಗಿ ಬಂದಿತ್ತಾ?
ಬ್ರಷ್ಷು ಅದ್ದಿದೆ, ಹಿಂಡಿದೆ, ಮತ್ತೆ ಅದ್ದಿದೆ.
ಸ್ಪಷ್ಟವಾಗಿ ಬಂದಿತ್ತು, ಡೋರೀನ್.
ಅವನು ಅಲ್ಲಾಡಲೇ ಇಲ್ಲ.

ಈ ಹಲಗೆಗಳನ್ನು ಕೂರಿಸಿದವನು ಅವನೇ.
ನಲವತ್ತು ವರ್ಷ ಮಣ್ಣೊಳಗಿದ್ದೆ,
ಇನ್ನು ಬೆಳಕಿಗೆ ಬಾಡಿಗೆ ಕಟ್ಟೋನಲ್ಲ ಅಂದನಂತೆ.
ತಿಂಗಳಿಗೊಮ್ಮೆ ಹತ್ತುತ್ತಿದ್ದ;
ಆಮೇಲೆ ಮೆಟ್ಟಿಲಿಗೊಮ್ಮೆ ನಿಲ್ಲುತ್ತಿದ್ದ;
ಆಮೇಲೆ ಕೆಳಗೆ ಕುರ್ಚಿ ಹಾಕಿಕೊಂಡು
ಮೋಡಗಳಿಗೆ ಬೈಯುತ್ತಿದ್ದ.

ಎರಡನೆಯ ಬಕೆಟ್ ಮುಗಿಯಿತು.
ದೋಣಿಯಲ್ಲಿ ಕೆಂಪು ನೀರು ಇಳಿದು
ಡೋರೀನಳ ಚಪ್ಪಲಿಯ ಮೇಲೆ ಬಿತ್ತು. ಅವಳು ಸರಿಯಲಿಲ್ಲ.
ರಬ್ಬರ್ ಪಟ್ಟಿ ಎಳೆದಲ್ಲೆಲ್ಲ
ನೀಲಿ ಎದ್ದು ಬಂತು, ಇಡೀ ಆಕಾಶ,
ಅದರ ನಡುವೆ ಬೆವರಿದ ನನ್ನ ಮೂಗು.

ಮಧ್ಯಾಹ್ನ ಬೇಲಿಯಾಚೆಯಿಂದ ಕೂಗು:
ಮೂರೂ ಮುಕ್ಕಾಲು!
ಹೊರಗೆ ಬಂದು ನೋಡಿದರೆ
ಗಲಾ ಒಂದು ಬಂದಿಳಿದಿದೆ.
ತೊಳೆದ ಗಾಜಿನಲ್ಲಿ ತನ್ನ ಗುಲಾಬಿ ಎದೆ ನೋಡಿಕೊಂಡು,
ತಲೆ ಓರೆ ಮಾಡಿ, ಮೆಚ್ಚಿ,
ನಿಧಾನವಾಗಿ
ಬೆನ್ನು ತಿರುಗಿಸಿತು.